ಬಾಗಿಲ ಆಚೆ ಯಾರು?

ಹೋದ ವರ್ಷ ಮಳೆ ಹಿಡಿಯುವ ಮೊದಲು ಶಿವಮೊಗ್ಗದ ನಮ್ಮ ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದೆವು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಮ್ಮ ಒಬ್ಬಳೇ. ಅಣ್ಣ ಕಡಲಾಚೆ, ನಾನು ಬೆಂಗಳೂರಿನಲ್ಲಿ. ಹಿಂದಿನ ಬೀದಿಯಲ್ಲಿ ವಿಳಾಸ ಕೇಳುವ ನೆಪದಲ್ಲಿ ಬಂದವನೊಬ್ಬ ಅಮ್ಮನ ವಯಸ್ಸಿನವರೊಬ್ಬರ ಸರಕ್ಕೆ ಕೈ ಹಾಕಿದ್ದ. ಸುದ್ದಿ ತಿಳಿದ ದಿನವೇ ಅಣ್ಣ ದುಡ್ಡು ಕಳಿಸಿದ. ಅಂಗಡಿಯ ಹುಡುಗ ಏಣಿ, ಡ್ರಿಲ್ಲು, ಕೇಬಲ್ಲಿನ ಸುರುಳಿ ಹೊತ್ತು ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿದ. ಗೇಟಿಗೊಂದು, ಮುಂಬಾಗಿಲಿಗೊಂದು, ಹಿತ್ತಲಿಗೊಂದು, ಹಜಾರಕ್ಕೊಂದು. ಎಲ್ಲವನ್ನೂ ದಾಖಲಿಸಿಕೊಳ್ಳುವ ಡಿವಿಆರ್ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟ. ಕೊನೆಗೆ ನನ್ನ ಫೋನಿಗೆ ಆ್ಯಪ್ ಹಾಕಿ, ಅಣ್ಣನಿಗೂ ಹಾಕಿಕೊಳ್ಳುವುದು ಹೇಗೆಂದು ತಿಳಿಸಿ, "ಇನ್ನು ಪ್ರಪಂಚದಲ್ಲಿ ಎಲ್ಲೇ ಇದ್ದರೂ ನಿಮಗೆ ಮನೆ ಕಾಣುತ್ತೆ ಮೇಡಂ" ಅಂದ.

ಅವನಿಗೆ ಕಾಫಿ ತಂದುಕೊಟ್ಟ ಅಮ್ಮ ಸ್ವಲ್ಪ ಹೊತ್ತು ನನ್ನ ಫೋನಿನಲ್ಲಿ ಕಾಣುತ್ತಿದ್ದ ತನ್ನ ಮನೆಯನ್ನು ನೋಡಿದಳು. ಆಮೇಲೆ ಕೇಳಿದಳು: "ಅದೆಲ್ಲ ಸರಿ ಕಣೇ. ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ನಂಗೆಲ್ಲಿ ಕಾಣುತ್ತೆ?"

ಹುಡುಗ ನನ್ನ ಮುಖ ನೋಡಿದ. ಅಮ್ಮನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಬೆಂಗಳೂರಿಗೆ ಕಾಣುತ್ತದೆ, ಅಮೆರಿಕಕ್ಕೆ ಕಾಣುತ್ತದೆ, ಬಾಗಿಲು ತೆರೆಯಬೇಕಾದವಳಿಗೆ ಮಾತ್ರ ಕಾಣುವುದಿಲ್ಲ. ಬೆಲ್ ಆದರೆ ಅವಳು ಹಿಂದಿನ ಹಾಗೆಯೇ ಕಿಟಕಿಯ ಪರದೆ ಸರಿಸಿ ಇಣುಕಬೇಕು, ಇಲ್ಲವೇ "ಯಾರು?" ಎಂದು ಕೂಗಬೇಕು.

ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಈ ಯಂತ್ರ ಎಲ್ಲಿಂದ ಬಂತು, ಯಾರು ಯಾಕೆ ಮಾಡಿದರು ಎಂದು ಓದುತ್ತ ಹೋದೆ. ಮನೆಗೆಂದು ಮಾಡಿದ ಮೊದಲ ಕ್ಯಾಮೆರಾ ವ್ಯವಸ್ಥೆ ಹುಟ್ಟಿದ್ದೇ ಅಮ್ಮನ ಆ ಪ್ರಶ್ನೆಯಿಂದ. ಅದನ್ನು ಕೇಳಿದವಳೂ ಮನೆಯಲ್ಲಿ ಒಬ್ಬಳೇ ಇರಬೇಕಾಗಿ ಬರುತ್ತಿದ್ದ ಹೆಂಗಸು.

*

ಬಾಗಿಲ ಆಚೆ ಯಾರು ಎಂಬ ಅಂಜಿಕೆ ಕ್ಯಾಮೆರಾಗಿಂತ ಬಹಳ ಹಳೆಯದು. ನಮ್ಮ ಹಳೆಯ ಮನೆಗಳು ಅದಕ್ಕೆ ತಮ್ಮದೇ ಏರ್ಪಾಡು ಮಾಡಿಕೊಂಡಿದ್ದವು. ಬಂದವರು ಮೊದಲು ಜಗುಲಿಯಲ್ಲಿ ಕೂರಬೇಕು. ಒಳಗಿನವರು ಕಿಂಡಿಯಿಂದ ನೋಡಿ, ಗುರುತು ಹತ್ತಿದರೆ ಅಗುಳಿ ತೆಗೆಯುತ್ತಿದ್ದರು. ನಾಯಿ ಇತ್ತು, ಎದುರು ಮನೆಯ ಅಜ್ಜಿ ಇದ್ದರು. ಬಡಾವಣೆಗಳು ಬೆಳೆದ ಮೇಲೆ ಕೋಲು ತಟ್ಟುತ್ತ, ಸೀಟಿ ಊದುತ್ತ ರಾತ್ರಿಯೆಲ್ಲ ಸುತ್ತಿ, ತಿಂಗಳ ಮೊದಲ ವಾರ ಸಲಾಮು ಹೊಡೆದು ದುಡ್ಡು ಕೇಳುವ ಗೂರ್ಖಾ ಬಂದ.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ದೆವ್ವವೊಂದು ಬಂದು, ಮನೆಯವರಿಗೆ ಗುರುತಿರುವವರ ದನಿಯಲ್ಲೇ ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಪುಕಾರು. ಬರಹ ಓದಿದ ದೆವ್ವ ಹೋಗಿ ಮಾರನೆಯ ದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ. ನಗು ಬರುತ್ತದೆ ನಿಜ. ಆದರೆ ಆ ಕತೆಯೊಳಗಿನ ಭಯ ಸುಳ್ಳಲ್ಲ. ಪರಿಚಯದ ದನಿಯನ್ನು ಕೇಳಿದ ಮಾತ್ರಕ್ಕೆ ನಂಬಬಹುದೇ? ಕಣ್ಣಿಂದ ನೋಡದೆ ಅಗುಳಿ ತೆಗೆಯಬಹುದೇ?

ವಿದ್ಯುತ್ತನ್ನು ಈ ಭಯಕ್ಕೆ ಮೊದಲು ಜೋಡಿಸಿದವರು ಅಮೆರಿಕದ ಮ್ಯಾಸಚೂಸೆಟ್ಸಿನವರು. 1853ರಲ್ಲಿ ಅಗಸ್ಟಸ್ ಪೋಪ್ ಎಂಬಾತ ಬಾಗಿಲು, ಕಿಟಕಿ ತೆರೆದೊಡನೆ ವಿದ್ಯುತ್ ಹರಿದು ಗಂಟೆ ಬಾರಿಸುವ ಏರ್ಪಾಡಿಗೆ ಪೇಟೆಂಟ್ ಪಡೆದ. ಅದರ ಹಕ್ಕನ್ನು 1857ರಲ್ಲಿ ಕೊಂಡ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ, ಮುಂದೆ ನ್ಯೂಯಾರ್ಕಿಗೆ ಹೋಗಿ, ಶ್ರೀಮಂತರ ಮನೆ, ಅಂಗಡಿಗಳಿಗೆ ತಂತಿ ಎಳೆದು ದೊಡ್ಡ ಉದ್ಯಮವನ್ನೇ ಕಟ್ಟಿದ. ಆದರೆ ಗಂಟೆ ಹೇಳುವುದು ಒಂದೇ ಮಾತು: ಬಾಗಿಲು ತೆರೆಯಿತು. ಯಾರು ತೆರೆದರು ಎಂದು ಅದು ಹೇಳದು. ಅಷ್ಟೇ ಅಲ್ಲ, ಅದು ಬಾಯಿ ಬಿಡುವುದು ಬಾಗಿಲು ತೆರೆದ ಮೇಲೆ.

ನೋಡುವ ಯಂತ್ರ ಬಂದದ್ದು ಬೇರೆ ದಿಕ್ಕಿನಿಂದ, ಯುದ್ಧದಿಂದ. 1942ರಲ್ಲಿ ಜರ್ಮನಿಯ ಪೀನೆಮ್ಯುಂಡೆಯಲ್ಲಿ ವಿ-2 ರಾಕೆಟ್ಟುಗಳ ಪರೀಕ್ಷೆ ನಡೆಯುತ್ತಿತ್ತು. ಹಾರಿಸುವಾಗ ಹತ್ತಿರ ನಿಂತರೆ ಜೀವಕ್ಕೆ ಅಪಾಯ. ದೂರ ನಿಂತರೆ ಏನಾಯಿತೆಂದು ತಿಳಿಯದು. ವಾಲ್ಟರ್ ಬ್ರೂಖ್ ಎಂಬ ಎಂಜಿನಿಯರ್ ಉಡಾವಣಾ ಕಟ್ಟೆಯ ಬಳಿ ಟೆಲಿವಿಷನ್ ಕ್ಯಾಮೆರಾ ನಿಲ್ಲಿಸಿ, ತಂತಿಯ ಮೂಲಕ ಚಿತ್ರವನ್ನು ದೂರದ ಕೋಣೆಗೆ ಒಯ್ದ. ಇಪ್ಪತ್ತು ವರ್ಷದ ಮೇಲೆ ಪಿಎಎಲ್ ಎಂಬ ಬಣ್ಣದ ಟೆಲಿವಿಷನ್ ಪದ್ಧತಿಯನ್ನು ರೂಪಿಸಿದವನೂ ಈತನೇ. 1982ರಲ್ಲಿ ಬಣ್ಣಕ್ಕೆ ತಿರುಗಿದ ನಮ್ಮ ದೂರದರ್ಶನ ಹಿಡಿದದ್ದು ಅದೇ ಪದ್ಧತಿಯನ್ನು.

ಕ್ಲೋಸ್ಡ್ ಸರ್ಕ್ಯೂಟ್ ಟಿವಿ, ಅಂದರೆ ಸಿಸಿಟಿವಿ, ಇಲ್ಲಿಂದ ಹೊರಟಿತು. ಪ್ರಸಾರದ ಟಿವಿಯಂತೆ ಊರಿಗೆಲ್ಲ ಕಾಣುವ ಚಿತ್ರ ಇದಲ್ಲ. ಒಂದು ತುದಿಯಲ್ಲಿ ಕ್ಯಾಮೆರಾ, ಇನ್ನೊಂದು ತುದಿಯಲ್ಲಿ ಪರದೆ, ನಡುವೆ ತಂತಿ. ಅಪಾಯ ಕ್ಯಾಮೆರಾದ ಕಡೆ, ನೋಡುವವನು ಸುರಕ್ಷಿತ ದೂರದಲ್ಲಿ. ಯುದ್ಧ ಮುಗಿದ ಮೇಲೆ ಕಾರ್ಖಾನೆ, ಬ್ಯಾಂಕುಗಳಿಗೂ ಇದೇ ಏರ್ಪಾಡು ಹೋಯಿತು. 1968ರಲ್ಲಿ ನ್ಯೂಯಾರ್ಕ್ ರಾಜ್ಯದ ಓಲಿಯನ್ ಎಂಬ ಸಣ್ಣ ಊರು ತನ್ನ ಪೇಟೆಬೀದಿಗೆ ಕ್ಯಾಮೆರಾ ಹಾಕಿಸಿತು. ಅಲ್ಲೂ ಪರದೆ ಇದ್ದದ್ದು ಪೊಲೀಸರ ಮುಂದೆ. ಬೀದಿಯಲ್ಲಿ ಓಡಾಡುವವರಿಗೆ ಅದರಲ್ಲಿ ಏನು ಕಾಣುತ್ತಿದೆಯೆಂದು ತಿಳಿಯುತ್ತಿರಲಿಲ್ಲ.

*

ಅದೇ ರಾಜ್ಯದ ಇನ್ನೊಂದು ತುದಿ, ನ್ಯೂಯಾರ್ಕ್ ನಗರದ ಕ್ವೀನ್ಸ್. ಅಲ್ಲಿನ ಜಮೈಕಾ ಎಂಬ ಬಡಾವಣೆಯಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಇದ್ದಳು. 1922ರಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು, ವೃತ್ತಿಯಲ್ಲಿ ನರ್ಸ್. ಗಂಡ ಆಲ್ಬರ್ಟ್ ಬ್ರೌನ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರದೂ ಹೊತ್ತುಗೊತ್ತಿಲ್ಲದ ಪಾಳಿ. ಅವಳು ಮನೆಯಲ್ಲಿ ಒಬ್ಬಳೇ ಇರುವ ರಾತ್ರಿಗಳು ಬಹಳ ಇದ್ದವು. ಸುತ್ತ ಅಪರಾಧ ಹೆಚ್ಚುತ್ತಿತ್ತು, ಕರೆದರೆ ಪೊಲೀಸರು ಬರುವುದು ತಡವಾಗುತ್ತಿತ್ತು. ಯಾರಾದರೂ ಬಾಗಿಲು ಬಡಿದರೆ ಮಾಡಬೇಕಾದದ್ದೇನು? ತೆರೆದು ನೋಡುವುದು ಅಪಾಯ. ಬಾಗಿಲ ಹತ್ತಿರ ಹೋಗಿ ತೂತಿನಲ್ಲಿ ಇಣುಕಿದರೂ ಆಚೆ ಇರುವವನಿಗೂ ತನಗೂ ನಡುವೆ ಇರುವುದು ಒಂದು ಹಲಗೆ.

ಕ್ವೀನ್ಸಿನಲ್ಲಿ ಆ ವರ್ಷಗಳಲ್ಲಿ ಇಂಥ ಭಯಕ್ಕೆ ಒಂದು ಹೆಸರೂ ಇತ್ತು. 1964ರ ಮಾರ್ಚ್ 13ರ ನಸುಕಿನಲ್ಲಿ ಕೆಲಸದಿಂದ ಮರಳುತ್ತಿದ್ದ ಕಿಟ್ಟಿ ಜೆನೊವೀಸ್ ಎಂಬ 28ರ ಯುವತಿಯನ್ನು ಅಲ್ಲಿನ ಕ್ಯೂ ಗಾರ್ಡನ್ಸ್‌ನಲ್ಲಿ, ಅವಳ ಮನೆಯ ಹತ್ತಿರವೇ ಇರಿದು ಕೊಂದಿದ್ದರು. 38 ಮಂದಿ ಕಂಡೂ ಸುಮ್ಮನಿದ್ದರೆಂದು ಪತ್ರಿಕೆ ಬರೆಯಿತು. ಆ ಲೆಕ್ಕ ಬಹಳ ಹಿಗ್ಗಿಸಿದ್ದೆಂದು ಮುಂದೆ ತಿಳಿದುಬಂತು. ಆದರೆ ಆ ಹೊತ್ತಿಗೆ, ಕೂಗಿದರೆ ಯಾರೂ ಬರುವುದಿಲ್ಲ ಎಂಬ ಮಾತು ಊರಿನ ಮನಸ್ಸಿನಲ್ಲಿ ಕೂತಾಗಿತ್ತು.

1966ರ ಆಗಸ್ಟ್ 1ರಂದು ಬ್ರೌನ್ ದಂಪತಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ಮಂಜೂರಾಯಿತು, ಸಂಖ್ಯೆ 3,482,037. ಹೆಸರುಗಳಲ್ಲಿ ಮೊದಲನೆಯದು ಮೇರಿಯದು. ಅದರ ನಕ್ಷೆಯನ್ನು ಇಂದಿಗೂ ನೋಡಬಹುದು. ಬಾಗಿಲಿನಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಇಣುಕುತೂತು: ಎತ್ತರದವರಿಗೆ ಮೇಲಿನದು, ಮಗು ಬಂದರೆ ಕೆಳಗಿನದು. ಬಾಗಿಲ ಒಳಬದಿಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಕ್ಯಾಮೆರಾ ಮೇಲೆ ಕೆಳಗೆ ಸರಿದು, ಬೇಕಾದ ತೂತಿನ ಮುಂದೆ ನಿಲ್ಲುತ್ತದೆ. ಚಿತ್ರ ರೇಡಿಯೊ ಅಲೆಯ ಮೂಲಕ ಮಲಗುವ ಕೋಣೆಯ ಟಿವಿಗೆ ಬರುತ್ತದೆ. ಬಾಗಿಲ ಒಳಗೂ ಹೊರಗೂ ಮೈಕು, ಸ್ಪೀಕರು, ಹಾಸಿಗೆಯಿಂದ ಏಳದೆ "ಯಾರು? ಏನು ಬೇಕು?" ಎಂದು ಕೇಳಬಹುದು. ಗುರುತಿನವರಾದರೆ ಒಂದು ಗುಂಡಿ ಒತ್ತಿದರೆ ದೂರದಿಂದಲೇ ಬಾಗಿಲು ತೆರೆಯುತ್ತದೆ. ಕೇಡಿಗನಾದರೆ ಇನ್ನೊಂದು ಗುಂಡಿ; ಕಾವಲಿನವರಿಗೋ ಪೊಲೀಸರಿಗೋ ಅಲಾರಂ ಮುಟ್ಟುತ್ತದೆ. ಬಂದವರ ಚಿತ್ರ, ಮಾತನ್ನು ದಾಖಲಿಸಿಕೊಳ್ಳುವ ಮಾತೂ ಅದರಲ್ಲಿದೆ.

ಇದನ್ನು ಓದುವಾಗ ನನಗೆ ಹಿಡಿಸಿದ್ದು ಯಂತ್ರದ ಜಾಣತನಕ್ಕಿಂತ ಅದರ ಹಿಂದಿನ ವಿಚಾರ. ಈ ವ್ಯವಸ್ಥೆ ಮನೆಯೊಳಗೆ ಇರುವವರ ಹತೋಟಿಯಲ್ಲಿರತಕ್ಕದ್ದು ಎಂದು ಪೇಟೆಂಟಿನ ಸಾರಾಂಶದಲ್ಲೇ ಇದೆ. ರಾಕೆಟ್ಟಿನ ಕ್ಯಾಮೆರಾದಲ್ಲಿ ನೋಡುವವನು ದೂರ, ಅಪಾಯ ಅಲ್ಲೆಲ್ಲೋ. ಮೇರಿಯ ಕ್ಯಾಮೆರಾದಲ್ಲಿ ಅಪಾಯ ಯಾರಿಗೋ ಅವರೇ ನೋಡುವವರು. ನೋಡುವುದು, ಕೇಳುವುದು, ತೆರೆಯುವುದು, ಸಹಾಯಕ್ಕೆ ಕರೆಯುವುದು ನಾಲ್ಕೂ ಒಂದೇ ಕೈಯಲ್ಲಿ. ಆ ಕೈ ಹಾಸಿಗೆಯ ಮೇಲಿರುವ ಹೆಂಗಸಿನದು.

ಪೇಟೆಂಟ್ ಸಿಕ್ಕ ವಾರವೇ ನ್ಯೂಯಾರ್ಕ್ ಟೈಮ್ಸ್ ಅದರ ಬಗ್ಗೆ ಬರೆಯಿತು. ಆದರೆ ವ್ಯವಸ್ಥೆ ಮನೆಮನೆಗೆ ಹೋಗಲಿಲ್ಲ. ಆ ಕಾಲದ ಕ್ಯಾಮೆರಾ ಎಂದರೆ ಗಾಜಿನ ಕೊಳವೆಯೊಳಗೆ ಚಿತ್ರ ಹಿಡಿಯುವ, ಭಾರದ, ದುಬಾರಿ ವಸ್ತು. ಸಾಮಾನ್ಯ ಸಂಸಾರಕ್ಕೆ ಎಟುಕುವ ಮಾತಲ್ಲ. ಮೇರಿ 1999ರಲ್ಲಿ ತೀರಿಕೊಂಡಳು. ಅವಳ ಪೇಟೆಂಟನ್ನು ಆಧಾರವಾಗಿ ಹೆಸರಿಸಿದ ಪೇಟೆಂಟುಗಳು ಮಾತ್ರ ಮುಂದೆ ಬರುತ್ತಲೇ ಹೋದವು. ಇಂದು ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ಕಾಣುವ ಕ್ಯಾಮೆರಾ ಇರುವ ಕರೆಗಂಟೆ ಅವಳ ನಾಲ್ಕು ತೂತಿನ ಪೆಟ್ಟಿಗೆಯ ಮೊಮ್ಮಗು.

*

ಪೇಟೆಂಟ್ ಮಂಜೂರಾದ 1969ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಿಲಿಕಾನ್ ಬಿಲ್ಲೆಯ ಕಲ್ಪನೆಯನ್ನು ಬರೆದಿಟ್ಟರು. ಬೆಳಕನ್ನು ನೇರವಾಗಿ ವಿದ್ಯುತ್ ಸಂಕೇತವಾಗಿಸುವ ಬಿಲ್ಲೆ ಅದು. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಬಂತು. ಗಾಜಿನ ಕೊಳವೆ ಹೋಗಿ ಕ್ಯಾಮೆರಾ ಅಂಗೈಯಗಲಕ್ಕೆ ಇಳಿಯಿತು. ಬ್ಯಾಂಕು, ಚಿನ್ನದಂಗಡಿಗಳಲ್ಲಿ ವಿಡಿಯೊ ಟೇಪು ಸುತ್ತತೊಡಗಿತು. ಇಡೀ ದಿನವನ್ನು ಒಂದೇ ಕ್ಯಾಸೆಟ್ಟಿಗೆ ಹಿಡಿಸಲು ಚಿತ್ರಗಳನ್ನು ಬಿಟ್ಟು ಬಿಟ್ಟು ದಾಖಲಿಸುವ ಟೇಪ್ ಯಂತ್ರ ಬಂತು; ಅದೇ ಕ್ಯಾಸೆಟ್ಟಿನ ಮೇಲೆ ಮತ್ತೆ ಮತ್ತೆ ದಾಖಲಿಸಿ ಮುಖಗಳೆಲ್ಲ ಹಿಟ್ಟು ಎರಚಿದ ಹಾಗೆ ಕಾಣುತ್ತಿದ್ದವು. 1990ರ ದಶಕದಲ್ಲಿ ಟೇಪಿನ ಜಾಗಕ್ಕೆ ಹಾರ್ಡ್ ಡಿಸ್ಕಿನ ಡಿವಿಆರ್ ಬಂತು.

ಈ ಬದಲಾವಣೆಯಲ್ಲಿ ಕ್ಯಾಮೆರಾದ ಕೆಲಸವೇ ಮೆಲ್ಲಗೆ ಬೇರೆಯಾಯಿತು. ಮೇರಿಗೆ ಬೇಕಿದ್ದದ್ದು ಈಗಿನ ಕ್ಷಣ: ಬಾಗಿಲು ತೆರೆಯಲೋ ಬೇಡವೋ. ಟೇಪಿಗೆ ಬೇಕಾದದ್ದು ಆಗಿಹೋದದ್ದು: ಯಾರು ಮಾಡಿದರು. ಎರಡನೆಯದು ಬೇಡವೆಂದಲ್ಲ. ಆದರೆ ಒಂದನ್ನು ಇನ್ನೊಂದೆಂದು ತಿಳಿದರೆ ಮೋಸಹೋಗುತ್ತೇವೆ. 2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಒಳಗೆ ಕ್ಯಾಮೆರಾ ಇತ್ತು. ಅವನು ಷಟರ್ ಎಳೆದದ್ದರಿಂದ ಹಿಡಿದು ಎಲ್ಲವನ್ನೂ ಅದು ಕಂಡಿತು, ನಾಡೆಲ್ಲ ಟಿವಿಯಲ್ಲಿ ಅದನ್ನು ನೋಡಿತು. ಆ ಗಳಿಗೆಯಲ್ಲಿ ಮಾತ್ರ ಆ ಪರದೆಯ ಮುಂದೆ ನೆರವಿಗೆ ಬರಬಲ್ಲವರು ಯಾರೂ ಇರಲಿಲ್ಲ. ಅಷ್ಟು ಸ್ಪಷ್ಟವಾಗಿ ಮುಖ ಕಂಡರೂ ಆರೋಪಿ ಸಿಕ್ಕದ್ದು ಮೂರು ವರ್ಷದ ಮೇಲೆ, 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ.

ದಾಖಲೆಯ ಕೆಲಸವೂ ಸುಲಭವಲ್ಲ ಎಂದು ನಮಗೆ ಕಲಿಸಿದ್ದು ನಮ್ಮದೇ ಡಿವಿಆರ್. ಹಾಕಿಸಿ ಎರಡು ತಿಂಗಳಿಗೆ ಪಕ್ಕದ ಮನೆಯವರ ಬೈಕು ಕಳವಾಯಿತು. ನಮ್ಮ ಗೇಟಿನ ಕ್ಯಾಮೆರಾದಲ್ಲಿ ಬಿದ್ದಿರಬಹುದೆಂದು ಅವರು ಓಡಿಬಂದರು. ನೋಡಿದರೆ ಪೆಟ್ಟಿಗೆಯ ಗಡಿಯಾರ 2000ನೇ ಇಸವಿಯ ಜನವರಿಯಲ್ಲಿ ನಿಂತಿತ್ತು. ಕರೆಂಟು ಹೋಗಿ ಬಂದಾಗ ಸಮಯ ಉಳಿಸಿಕೊಳ್ಳಬೇಕಾದ ಒಳಗಿನ ಸಣ್ಣ ಬ್ಯಾಟರಿ ಸತ್ತಿತ್ತು. ಬೈಕು ತಳ್ಳಿಕೊಂಡು ಹೋಗುವ ನೆರಳೇನೋ ಸಿಕ್ಕಿತು. ಆದರೆ ಯಾವ ದಿನ, ಎಷ್ಟು ಗಂಟೆ ಎಂದು ಕೇಳಿದರೆ ಹೇಳುವಂತಿರಲಿಲ್ಲ. ಮುಖವೂ ಇರಲಿಲ್ಲ. ರಾತ್ರಿ ಕಾಣಲೆಂದು ಕ್ಯಾಮೆರಾ ಚೆಲ್ಲುವ ಇನ್‌ಫ್ರಾರೆಡ್ ಬೆಳಕು, ಮಸೂರದ ಮುಂದೆ ಜೇಡ ನೇಯ್ದ ಬಲೆಗೆ ಬಡಿದು ವಾಪಸು ಬಂದು, ಅರ್ಧ ಚಿತ್ರ ಬೆಳ್ಳಗೆ ಮುಚ್ಚಿಹೋಗಿತ್ತು. ಬೆಚ್ಚಗಿನ ಆ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಮಲೆನಾಡಿನ ಬಾಗಿಲಲ್ಲಿ ಇದು ತಪ್ಪದ ಸಂಸಾರ.

ಆ ಮಳೆಗಾಲವೆಲ್ಲ ನನಗೆ ಇದೇ ಕೆಲಸ. ಕರೆಂಟು ಹೋದರೆ ಕ್ಯಾಮೆರಾ ಮನೆಯ ಇನ್ವರ್ಟರಿನಲ್ಲಿ ಬದುಕಿರುತ್ತಿತ್ತು, ಆದರೆ ಇಂಟರ್ನೆಟ್ಟಿನ ರೂಟರಿಗೆ ಇನ್ವರ್ಟರ್ ಸಂಪರ್ಕವಿರಲಿಲ್ಲ. ನನ್ನ ಫೋನಿನಲ್ಲಿ ಮನೆ ಮಾಯ. ಹಿತ್ತಲ ಕ್ಯಾಮೆರಾದ ಕೇಬಲ್ಲು ಗೋಡೆಯ ತೂತಿಗೆ ನೇರ ಇಳಿದಿದ್ದರಿಂದ ನೀರು ಅದರುದ್ದಕ್ಕೂ ಹರಿದು ಕೂಡುಗಡೆಗೆ ಹೊಕ್ಕು, ತುಕ್ಕು ಹಿಡಿದು, ಚಿತ್ರದಲ್ಲಿ ಗೆರೆಗಳೆದ್ದವು. ತೂತಿನ ಕೆಳಗೆ ಕೇಬಲ್ಲನ್ನು ಒಂದು ಸುತ್ತು ಜೋತುಬಿಟ್ಟಿದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತಿತ್ತು. ಪಾರಿಜಾತದ ರೆಂಬೆ ಗಾಳಿಗೆ ಆಡಿದಾಗಲೆಲ್ಲ ಯಾರೋ ಬಂದರೆಂದು ಫೋನು ಗುಂಯ್‌ಗುಟ್ಟುತ್ತಿತ್ತು. ಹತ್ತು ದಿನಕ್ಕೆ ನಾನು ಆ ಸದ್ದನ್ನೇ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಹೊಳೆಯಿತು, ಇನ್ನು ನಿಜವಾಗಿ ಯಾರಾದರೂ ಬಂದರೂ ನನಗೆ ತಿಳಿಯುವುದಿಲ್ಲ.

*

ಪರದೆ ಮನೆ ಬಿಟ್ಟು ಅಷ್ಟು ದೂರ ಹೋದದ್ದು ಹೇಗೆ? ಅದರ ಕತೆ ಶುರುವಾಗುವುದು ಕಾಫಿಯಿಂದ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ, ಟ್ರೋಜನ್ ರೂಮ್ ಎಂಬ ಕೋಣೆಯ ಹೊರಗೆ, ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರ ಇತ್ತು. ಮಹಡಿ ಹತ್ತಿಳಿದು ಬಂದರೆ ಪಾತ್ರೆ ಖಾಲಿ. ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಅದರ ಮುಂದೆ ಕ್ಯಾಮೆರಾ ಇಟ್ಟು, ಸಣ್ಣ ಕಪ್ಪುಬಿಳುಪು ಚಿತ್ರವನ್ನು ಎಲ್ಲರ ಕಂಪ್ಯೂಟರಿಗೂ ಹೋಗುವಂತೆ ಮಾಡಿದರು. 1993ರಲ್ಲಿ ಆ ಚಿತ್ರ ವೆಬ್ಬಿಗೂ ಬಂತು. ಕಾಫಿ ಕುಡಿಯಲು ಎಂದೂ ಬರಲಾರದ ಲಕ್ಷಾಂತರ ಜನ ದೇಶದೇಶಗಳಿಂದ ಆ ಪಾತ್ರೆಯನ್ನು ನೋಡಿದರು. 2001ರ ಆಗಸ್ಟ್ 22ರಂದು ಕ್ಯಾಮೆರಾ ಆರಿಸಿದರು. ಕೆಟ್ಟುಹೋದ ಆ ಯಂತ್ರವನ್ನು ಜರ್ಮನಿಯ ಪತ್ರಿಕೆಯೊಂದು 3,350 ಪೌಂಡಿಗೆ ಹರಾಜಿನಲ್ಲಿ ಕೊಂಡಿತು.

1996ರಲ್ಲಿ ಸ್ವೀಡನ್ನಿನ ಆ್ಯಕ್ಸಿಸ್ ಕಂಪನಿ ಕಂಪ್ಯೂಟರಿನ ನೆರವಿಲ್ಲದೆ ತಾನೇ ಜಾಲಕ್ಕೆ ಸೇರಿಕೊಳ್ಳುವ ಕ್ಯಾಮೆರಾ ಮಾರಿತು. ನೆಟ್‌ಐ 200 ಎಂದು ಅದರ ಹೆಸರು. ದೊಡ್ಡ ಅಳತೆಯ ಒಂದೇ ಒಂದು ಚಿತ್ರ ಕಳಿಸಲು ಅದಕ್ಕೆ 17 ಸೆಕೆಂಡು ಬೇಕಿತ್ತು. ಬಾಗಿಲು ಬಡಿದವನು ಅಷ್ಟರಲ್ಲಿ ಹೊರಟೇ ಹೋದಾನು. ಆದರೆ ದಾರಿ ತೆರೆದಿತ್ತು. ಇಂಟರ್ನೆಟ್ಟಿನ ವೇಗ ಹೆಚ್ಚಿತು, ಬಿಲ್ಲೆ ಅಗ್ಗವಾಯಿತು, ಎಲ್ಲರ ಕೈಗೂ ಫೋನು ಬಂತು.

ದಾರಿ ಎರಡು ಕಡೆಗೂ ತೆರೆದಿರುತ್ತದೆ ಎಂದು ತಿಳಿದದ್ದು 2016ರಲ್ಲಿ. ಕಾರ್ಖಾನೆಯಿಂದ ಬರುವ ಕ್ಯಾಮೆರಾಗಳಿಗೆ 'ಅಡ್ಮಿನ್' ಥರದ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುತ್ತಿತ್ತು. ಕೊಂಡವರು ಬದಲಿಸುತ್ತಿರಲಿಲ್ಲ. ಅಮೆರಿಕದ ಕೆಲವು ಯುವಕರು ಬರೆದ ಮಿರಾಯ್ ಎಂಬ ತಂತ್ರಾಂಶ, ಅಂಥ ಸುಮಾರು 60 ಜೋಡಿ ಹೆಸರು ಪಾಸ್‌ವರ್ಡುಗಳನ್ನು ಹಿಡಿದು ಜಗತ್ತಿನ ಕ್ಯಾಮೆರಾ, ಡಿವಿಆರ್, ರೂಟರುಗಳ ಬಾಗಿಲು ಬಡಿಯುತ್ತ ಹೋಯಿತು. ಲಕ್ಷಾಂತರ ಬಾಗಿಲು ತೆರೆದುಕೊಂಡವು. 2016ರ ಅಕ್ಟೋಬರ್ 21ರಂದು ಆ ಕ್ಯಾಮೆರಾಗಳ ಸೈನ್ಯ, ವೆಬ್ ವಿಳಾಸಗಳನ್ನು ಹುಡುಕಿಕೊಡುವ ಡಿನ್ ಎಂಬ ಕಂಪನಿಯ ಮೇಲೆ ನುಗ್ಗಿ, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೂ ಗಂಟೆಗಟ್ಟಲೆ ಸಿಗದಂತಾಯಿತು. ಕಳ್ಳ ಬರದಿರಲೆಂದು ಹಾಕಿದ ಕ್ಯಾಮೆರಾಗೇ ಅಗುಳಿ ಇರಲಿಲ್ಲ. ನಮ್ಮ ಸರ್ಕಾರವೂ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿಗಳಿಗೆ ಸುರಕ್ಷತೆಯ ಪರೀಕ್ಷೆ ಕಡ್ಡಾಯವೆಂದು ಪ್ರಕಟಿಸಿ, 2025ರ ಏಪ್ರಿಲ್‌ನಿಂದ ಜಾರಿಗೆ ತಂದಿತು.

ಇದನ್ನು ಓದಿದ ರಾತ್ರಿ ನಮ್ಮ ಡಿವಿಆರ್‌ನ ಪಾಸ್‌ವರ್ಡ್ ಏನೆಂದು ನೋಡಿದೆ. ಒಂದರಿಂದ ಆರರವರೆಗಿನ ಅಂಕಿ. ಅಂಗಡಿಯ ಹುಡುಗನಿಗೆ ಗೊತ್ತು, ಅವನು ಕ್ಯಾಮೆರಾ ಹಾಕಿದ ಎಲ್ಲ ಮನೆಗಳಿಗೂ ಅದೇ ಎಂದರೆ ಆಶ್ಚರ್ಯವಿಲ್ಲ. ನಾಲ್ಕು ತಿಂಗಳು ಅಮ್ಮ ಓಡಾಡುವ ಹಜಾರ ಅಷ್ಟು ಸಡಿಲವಾಗಿ ತೆರೆದಿತ್ತು.

*

ಹಜಾರದ ಕ್ಯಾಮೆರಾ ಬಗ್ಗೆ ಅಮ್ಮ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಮಧ್ಯಾಹ್ನ ಊಟವಾದ ಮೇಲೆ ಹಜಾರದ ದಿವಾನದ ಮೇಲೆ ಒರಗುವುದನ್ನು ಬಿಟ್ಟಿದ್ದಳು. ಒಂದು ದಿನ ಅಣ್ಣ ಅಲ್ಲಿಂದಲೇ ಫೋನು ಮಾಡಿ, "ಯಾಕಮ್ಮ, ಇವತ್ತು ಹನ್ನೊಂದಾದ್ರೂ ಸ್ನಾನ ಆಗಿಲ್ಲ?" ಎಂದನಂತೆ. ಅವನ ಕಾಳಜಿ ನಿಜ. ಅವಳ ಮುಜುಗರವೂ ನಿಜ.

ಈ ಮುಜುಗರಕ್ಕೆ ಕಾನೂನಿನಲ್ಲಿ ಜಾಗ ಸಿಗುವಂತೆ ಮಾಡಿದವರು ನಮ್ಮವರೇ ಒಬ್ಬ ವೃದ್ಧರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರಿಸಿತು: ಖಾಸಗಿತನ ಮೂಲಭೂತ ಹಕ್ಕು. ಅವರು ಎದುರಿಸಿದ್ದು ಸರ್ಕಾರವನ್ನು, ಮಕ್ಕಳನ್ನಲ್ಲ. ಆದರೆ ಆ ತೀರ್ಪಿನ ನೆರಳು ಮನೆಯೊಳಗೂ ಬಿತ್ತು. ಒಂದೇ ಮನೆಯಲ್ಲಿದ್ದ ಇಬ್ಬರು ಅಣ್ಣತಮ್ಮಂದಿರ ಜಗಳದಲ್ಲಿ, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಇಡುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ನಾವಿಬ್ಬರು ಅಮ್ಮನ ಒಪ್ಪಿಗೆ ಕೇಳಿದ್ದೆವೇ? ಕ್ಯಾಮೆರಾ ಹಾಕಿಸುತ್ತೇವೆ ಎಂದು ತಿಳಿಸಿದ್ದೆವು. ತಿಳಿಸುವುದನ್ನೇ ಕೇಳುವುದು ಅಂದುಕೊಂಡಿದ್ದೆವು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿ ಡಿವಿಆರ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ, ಧೂಳು ಮುಚ್ಚಿದ ಜಾಗದಲ್ಲಿ, ಟಿವಿಗೆ ಜೋಡಿಸುವ ಎಚ್‌ಡಿಎಂಐ ಕಿಂಡಿ ಇತ್ತು. ಬೆಂಗಳೂರು, ಅಮೆರಿಕ ಎಂದು ಓಡಾಡುವ ಮೊದಲು ಆ ಚಿತ್ರವನ್ನು ಅಮ್ಮನ ಕೋಣೆಗೆ ಇಳಿಸಲು ಬೇಕಿದ್ದದ್ದು ಹತ್ತು ಮೀಟರ್ ಕೇಬಲ್ಲು. ಅದು ಮೊದಲ ದಿನದಿಂದಲೂ ಅಲ್ಲೇ ಇತ್ತು, ಹುಡುಗನೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹಳೆಯ ಕಂಪ್ಯೂಟರಿನ ಮಾನಿಟರ್ ಒಂದನ್ನು ತಂದು ಅವಳ ಮಂಚದ ಎದುರಿನ ಗೂಡಿನಲ್ಲಿ ಇಟ್ಟೆವು. ಗೇಟು, ಮುಂಬಾಗಿಲು, ಹಿತ್ತಲು ಮೂರೂ ಒಟ್ಟಿಗೆ ಕಾಣುತ್ತವೆ. ಬಾಗಿಲಿಗೆ ಮಾತಾಡುವ ಕರೆಗಂಟೆಯೊಂದನ್ನು ಹಾಕಿಸಿ, ಅದರ ರಿಸೀವರನ್ನು ದಿಂಬಿನ ಪಕ್ಕಕ್ಕೆ ತಂದೆವು. ರೂಟರಿಗೂ ಇನ್ವರ್ಟರಿನ ತಂತಿ ಎಳೆಸಿದೆವು. ಗಡಿಯಾರದ ಬ್ಯಾಟರಿ ಬದಲಿಸಿ, ಸಮಯವನ್ನು ಇಂಟರ್ನೆಟ್ಟಿನಿಂದ ತಾನೇ ಹೊಂದಿಸಿಕೊಳ್ಳುವ ಹಾಗೆ ಮಾಡಿದೆ. ಪಾಸ್‌ವರ್ಡನ್ನು ಅಮ್ಮನೇ ಹೇಳಿದಳು. ಅದು ನನಗೂ ಅವಳಿಗೂ ಬಿಟ್ಟು ಇನ್ನಾರಿಗೂ ಹೊಳೆಯದ ಒಂದು ಹೆಸರು. ವಾರಕ್ಕೊಮ್ಮೆ ಕೆಲಸದಾಕೆ ಜೇಡರಬಲೆ ತೆಗೆಯುವಾಗ ಕ್ಯಾಮೆರಾಗಳಿಗೂ ಪೊರಕೆ ಮುಟ್ಟಿಸುತ್ತಾಳೆ.

ಹಜಾರದ ಕ್ಯಾಮೆರಾ ಇಡಲೋ ತೆಗೆಯಲೋ ಎಂದು ಈ ಸಲ ಕೇಳಿದೆ. "ತೆಗೆದ್ಬಿಡು" ಅಂದಳು, ಯೋಚಿಸಲೂ ಇಲ್ಲ. ಬಿದ್ದರೆ ಏನು ಮಾಡುತ್ತೀ ಎಂದು ಅಣ್ಣ ಫೋನಿನಲ್ಲಿ ವಾದಿಸಿದ. ಕೊನೆಗೆ ಒಪ್ಪಂದವಾದದ್ದು, ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಅವಳೇ ನಮ್ಮಿಬ್ಬರಲ್ಲಿ ಒಬ್ಬರಿಗೆ ಫೋನು ಮಾಡಬೇಕು; ಮಾಡದಿದ್ದರೆ ಪಕ್ಕದ ಮನೆಯವರು ಹೋಗಿ ನೋಡಬೇಕು. ಅವರ ಬೈಕು ಈವರೆಗೂ ಸಿಕ್ಕಿಲ್ಲ. ಆದರೂ ಒಪ್ಪಿಕೊಂಡರು.

ಮೊನ್ನೆ ರಾತ್ರಿ ಎಂಟಕ್ಕೆ ಮಾತಾಡುತ್ತಿದ್ದಾಗ ನಡುವೆ ಅಮ್ಮ ಸುಮ್ಮನಾದಳು. ಏನಾಯಿತು ಎಂದೆ.

"ಇರು, ಗೇಟಲ್ಲಿ ಯಾರೋ ನಿಂತಿದ್ದಾರೆ. ನೋಡ್ತಾ ಇದೀನಿ."

ಯಾರಮ್ಮ, ನಾನೂ ನೋಡಲಾ ಎನ್ನುವಷ್ಟರಲ್ಲಿ, "ಬೇಡ ಬಿಡು, ನಮ್ಮ ಹಾಲಿನವನು, ದುಡ್ಡಿಗೆ ಬಂದಿದ್ದಾನೆ. ಆಮೇಲೆ ಮಾಡ್ತೀನಿ" ಎಂದು ಫೋನು ಇಟ್ಟಳು.